ಹಣ ಕಟ್ಟಿದ ಮೇಲೂ ಹೋದ ಡೊಮೈನ್: ಒಂದು ರಿಜಿಸ್ಟ್ರಾರ್ ಜೊತೆ ಎಂಟು ವರ್ಷ

ಐದರಲ್ಲಿ ಎರಡು ಸ್ಟಾರ್. ಆ ಎರಡೂ ಮೊದಲಿನ ವರ್ಷಗಳಿಗೆ.

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಫೌಂಡ್ರಿಯಿಂದ ಬಂದ ಕಾಸ್ಟಿಂಗ್‌ಗೆ ಟರ್ನಿಂಗ್, ಬೋರಿಂಗ್ ಮಾಡಿ ಪಂಪ್, ವಾಲ್ವ್ ಕಂಪನಿಗಳಿಗೆ ಕಳಿಸುತ್ತೇವೆ. ವೆಬ್‌ಸೈಟ್ ಅಂದ್ರೆ ನಾಲ್ಕೈದು ಪುಟ, ಹಳೆಯ ಫೋಟೊ. ಅದನ್ನು ನೋಡಿ ಆರ್ಡರ್ ಕೊಟ್ಟವರು ಯಾರಾದರೂ ಇದ್ದಾರೋ ಇಲ್ಲವೋ. ಆದರೆ ಡ್ರಾಯಿಂಗ್, ಪರ್ಚೇಸ್ ಆರ್ಡರ್, ರಿಜೆಕ್ಷನ್ ರಿಪೋರ್ಟ್ ಎಲ್ಲಾ ಬರೋದು ಆ ಡೊಮೈನ್‌ನ, ಅಂದ್ರೆ ನಮ್ಮ ವೆಬ್ ಹೆಸರಿನ ಮೇಲ್‌ಗೆ. ಪುಣೆ, ಕೊಲ್ಹಾಪುರದ ಪರ್ಚೇಸ್ ಡಿಪಾರ್ಟ್‌ಮೆಂಟ್‌ಗಳಲ್ಲಿ ನಮ್ಮ ವಿಳಾಸ ಅಂತ ಇರೋದು ಅದೇ.

ಆ ಹೆಸರನ್ನು ನಮಗೆ ನೋಂದಾಯಿಸಿ ಕೊಟ್ಟ ರಿಜಿಸ್ಟ್ರಾರ್ ಕಂಪನಿ ಯಾವುದು ಅಂತ ಹೇಳಲ್ಲ. ಮೊದಲ ಕೆಲವು ವರ್ಷ ದೂರೋ ಹಾಗೇನೂ ಇರಲಿಲ್ಲ. ಪ್ಯಾನೆಲ್ ಸರಳ, ಡಿಎನ್‌ಎಸ್ (ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅನ್ನೋ ಸೆಟ್ಟಿಂಗ್) ಬದಲಾವಣೆ ಬೇಗ ಆಗುತ್ತಿತ್ತು, ಚಾಟ್‌ನಲ್ಲಿ ಯಾರಾದರೂ ಸಿಗುತ್ತಿದ್ದರು. ಮೊದಲ ವರ್ಷ ಕಡಿಮೆ ದರ, ಆಮೇಲೆ ರಿನ್ಯೂವಲ್‌ಗೆ ಜಾಸ್ತಿ. ಅದು ಎಲ್ಲರೂ ಮಾಡೋದೇ ಬಿಡಿ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ಆಟೊ ರಿನ್ಯೂವಲ್ ನಮ್ಮ ಕಾರ್ಡ್ ಮೇಲೆ ನಡೆಯಲಿಲ್ಲ. ಅಲ್ಲಿಂದ ಪ್ರತಿ ವರ್ಷ ನಾವೇ ಯುಪಿಐನಲ್ಲಿ ಕಟ್ಟುತ್ತಾ ಬಂದೆವು.

ಹೋದ ಸಲವೂ ಹಾಗೇ ಆಯಿತು. ಅವಧಿ ಮುಗಿಯಲು ತಿಂಗಳಿರುವಾಗ ಅವರ ನೆನಪೋಲೆ ಬಂತು. ಹಣ ಕಟ್ಟಿದೆವು. ಇನ್‌ವಾಯ್ಸ್ ಮೇಲೆ ಹಸಿರು ಅಕ್ಷರದಲ್ಲಿ ‘ಪೇಯ್ಡ್’ ಅಂತ ಬಂತು. ಆದರೆ ಹಣ ಹೋಗಿ ಕೂತಿದ್ದು ನಮ್ಮ ಖಾತೆಯ ವ್ಯಾಲೆಟ್‌ನಲ್ಲಿ. ರಿನ್ಯೂವಲ್ ಆರ್ಡರ್ ಮುಂದೆ ಹೋಗಲೇ ಇಲ್ಲ. ಬಿಲ್ಲಿಂಗ್ ವಿಭಾಗದ ಲೆಕ್ಕದಲ್ಲಿ ಹಣ ಬಂದಿದೆ, ಹಾಗಾಗಿ ಮುಂದಿನ ನೆನಪೋಲೆಗಳು ಬಂದ್. ಡೊಮೈನ್ ವಿಭಾಗದ ಲೆಕ್ಕದಲ್ಲಿ ಹಣ ಬಂದಿಲ್ಲ, ಹಾಗಾಗಿ ಹೆಸರು ಎಕ್ಸ್‌ಪೈರ್. ಒಂದೇ ಕಂಪನಿ, ಎರಡು ಕಿರ್ದಿ ಪುಸ್ತಕ.

ಗೊತ್ತಾಗಿದ್ದು ಒಬ್ಬ ಗ್ರಾಹಕರ ಫೋನ್‌ನಿಂದ. “ಮೇಲ್ ವಾಪಸ್ ಬರಾಕತ್ತೈತಿ, ಶಾಪ್ ಬಂದ್ ಮಾಡೀರೇನ್ರೀ?” ಅಂದರು. ಸೈಟ್ ತೆರೆದರೆ ಜಾಹೀರಾತಿನ ಪುಟ. ಕೂಡಲೇ ಸಪೋರ್ಟ್‌ಗೆ ಫೋನ್ ಮಾಡಿ ಯುಟಿಆರ್ ನಂಬರ್ (ಹಣ ಕಟ್ಟಿದ್ದಕ್ಕೆ ಬ್ಯಾಂಕಿನ ಗುರುತು ಸಂಖ್ಯೆ), ಇನ್‌ವಾಯ್ಸ್ ಎರಡನ್ನೂ ಕಳಿಸಿದೆ. “ಸರ್, ಟೆನ್ಷನ್ ಬೇಡ, 72 ಗಂಟೆಯಲ್ಲಿ ಸರಿ ಹೋಗುತ್ತೆ” ಅಂದರು. ಗೇಟ್‌ವೇ ತಡ ಅಂತ ಒಬ್ಬರು, ದರ ಬದಲಾದದ್ದಕ್ಕೆ ಆರ್ಡರ್ ನಿಂತಿದೆ ಅಂತ ಇನ್ನೊಬ್ಬರು. ದೂರಿನ ಟಿಕೆಟ್ ‘ಎಸ್ಕಲೇಟೆಡ್’ (ಮೇಲಿನವರಿಗೆ ಕಳಿಸಿದೆ) ಅಂತಲೇ ಉಳಿಯಿತು. ಅದು ಹಾಗೆ ಉಳಿದಿರುವಾಗಲೇ ಡೊಮೈನ್ ಹರಾಜಾಗಿ ಬೇರೆಯವರ ಪಾಲಾಯಿತು.

ಡಾಟ್ ಕಾಮ್ ಹೆಸರು ಎಕ್ಸ್‌ಪೈರ್ ಆದರೆ 45 ದಿನದವರೆಗೆ ರಿಜಿಸ್ಟ್ರಾರ್ ಕೈಯಲ್ಲಿ ಇರಬಹುದು. ಅಳಿಸಿದರೆ ಆಮೇಲೆ 30 ದಿನ ರಿಡೆಂಪ್ಷನ್, ಅಂದ್ರೆ ಹಳೆಯ ಮಾಲೀಕ ಹೆಸರನ್ನು ಬಿಡಿಸಿಕೊಳ್ಳುವ ಅವಧಿ. ಕೊನೆಗೆ 5 ದಿನ ಪೆಂಡಿಂಗ್ ಡಿಲೀಟ್, ಅಂದ್ರೆ ಪೂರ್ತಿ ಅಳಿಯುವ ಮುಂಚಿನ ಹಂತ. ಆ 30 ದಿನ ನಮಗಿದೆ ಅಂತ ಜನ ಧೈರ್ಯದಿಂದ ಇರುತ್ತಾರೆ. ಆದರೆ ಎಷ್ಟೋ ರಿಜಿಸ್ಟ್ರಾರ್‌ಗಳು ಅಳಿಸೋದೇ ಇಲ್ಲ, ಮೊದಲ ಹಂತದಲ್ಲೇ ಹರಾಜು ಹಾಕುತ್ತಾರೆ. ನಮಗೆ “ಹೆಸರು ಡಿಲೀಟ್ ಆಯಿತು, ಯಾರೋ ಹೊಸದಾಗಿ ತಗೊಂಡರು” ಅಂತ ಬರೆದರು. ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಕಾನ್‌ನ (ICANN) ಲುಕಪ್ ಪುಟದಲ್ಲಿ ನೋಡಿದೆ. ನೋಂದಣಿಯ ಮೂಲ ದಿನಾಂಕ ನಾವು ಕೊಂಡಾಗಿನದೇ ಇತ್ತು. ಅಳಿಸಿ ಹೊಸದಾಗಿ ಕೊಂಡಿದ್ದರೆ ಆ ದಿನಾಂಕ ಹೊಸದಾಗಬೇಕಿತ್ತು, ಅಲ್ವಾ? ಆ ಒಂದು ಸಾಲಿನ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಅವರ ಧಾಟಿಯೇ ಬದಲಾಯಿತು.

ನಾನು ಕೇಳಿದ್ದು ಜಾಸ್ತಿ ಏನಲ್ಲ. ನೋಟಿಸ್ ಯಾವ ದಿನ ಯಾವ ವಿಳಾಸಕ್ಕೆ ಕಳಿಸಿದಿರಿ? ಆರ್ಡರ್ ಎಲ್ಲಿ ನಿಂತಿತು? ಟಿಕೆಟ್ ತೆರೆದಿರುವಾಗ ಹರಾಜಿಗೆ ಬಿಟ್ಟವರು ಯಾರು? ಐಕಾನ್ ನಿಯಮದ ಪ್ರಕಾರ ಡಾಟ್ ಕಾಮ್‌ನಂಥ ಹೆಸರಿಗೆ ಸುಮಾರು ತಿಂಗಳ ಮೊದಲು ಒಂದು, ವಾರದ ಮೊದಲು ಒಂದು, ಅವಧಿ ಮುಗಿದ ಐದು ದಿನದೊಳಗೆ ಇನ್ನೊಂದು ನೋಟಿಸ್ ಹೋಗಲೇಬೇಕು. ನಮಗೆ ಬಂದಿದ್ದು ಮೊದಲನೆಯದು ಮಾತ್ರ. ಉತ್ತರದ ಬದಲು ಅವರು ಕಳಿಸಿದ್ದು ಹೊಸ ಡೊಮೈನ್ ಮೇಲೆ ರಿಯಾಯಿತಿ ಕೂಪನ್. ಹೆಸರು ಹೋದವನಿಗೆ ಹೆಸರು ಕೊಳ್ಳಲು ಕೂಪನ್!

ಐಕಾನ್‌ಗೆ ದೂರು ಕೊಟ್ಟೆ. ಫಾರ್ಮ್ ಆನ್‌ಲೈನ್‌ನಲ್ಲಿದೆ, ದುಡ್ಡು ಕಟ್ಟಬೇಕಿಲ್ಲ. ಅವರು ರಿಜಿಸ್ಟ್ರಾರ್ ಹತ್ತಿರ ದಾಖಲೆ ಕೇಳಬಹುದು, ನಿಯಮ ಮುರಿದಿದ್ದರೆ ಕ್ರಮ ತಗೋಬಹುದು. ಹೆಸರನ್ನು ವಾಪಸ್ ಕೊಡಿಸೋ ಅಧಿಕಾರ ಅವರಿಗಿಲ್ಲ. ಆದರೂ ದೂರು ಹೋದ ಮೇಲೆಯೇ ರಿಜಿಸ್ಟ್ರಾರ್‌ನ ಲಾಗ್ (ನೋಟಿಸ್‌ಗಳ ದಾಖಲೆ) ಕೈಗೆ ಬಂತು. ಅದರಲ್ಲಿ ಎರಡನೇ, ಮೂರನೇ ನೋಟಿಸ್ ಮುಂದೆ ‘ಕಳಿಸಿಲ್ಲ, ಇನ್‌ವಾಯ್ಸ್ ಪಾವತಿಯಾಗಿದೆ’ ಅಂತ ಅವರ ಸಿಸ್ಟಮ್ಮೇ ಬರೆದುಕೊಂಡಿದೆ. ಡೊಮೈನ್ ಹೆಸರಿನ ಜಗಳ ತೀರಿಸಲು ಯುಡಿಆರ್‌ಪಿ (UDRP) ಅಂತ ಇನ್ನೊಂದು ದಾರಿ ಇದೆ. ಅದನ್ನು ನಡೆಸುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೊದಲ್ಲಿ (WIPO) ಶುಲ್ಕವೇ 1,500 ಡಾಲರ್‌ನಿಂದ ಶುರು. ಅದೂ ಹೆಸರು ಕೊಂಡವರ ಮೇಲೆ ಹಾಕೋದು, ರಿಜಿಸ್ಟ್ರಾರ್ ಮೇಲಲ್ಲ. ನಮಗೆ ಉಪಯೋಗವಿಲ್ಲ.

ಈಗ ಉಳಿದಿದ್ದು ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಷರತ್ತುಗಳಲ್ಲಿ ‘ನಮ್ಮ ಊರಿನ ಕೋರ್ಟಿಗೇ ಬರಬೇಕು’ ಅಂತ ಇದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವಿರುವ ಊರಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. “ವ್ಯಾಪಾರಕ್ಕೆ ಕೊಂಡಿದ್ದು, ಇವರು ಗ್ರಾಹಕರೇ ಅಲ್ಲ ಅಂತ ತಕರಾರು ತೆಗೀತಾರ್ರೀ” ಅಂತ ನಮ್ಮ ವಕೀಲರು ಮೊದಲೇ ಹೇಳಿದ್ದಾರೆ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡಿದ್ದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದರ ಮೇಲೇ ವಾದ ನಿಂತಿದೆ. ವ್ಯಾಲೆಟ್‌ನ ಹಣ ವಾಪಸ್ ಕೊಡ್ತೀವಿ ಅಂದರು, ದೂರು ಮುಗಿಯುವ ತನಕ ಬೇಡ ಅಂದಿದ್ದೇನೆ.

ಇದೇ ಸ್ಥಿತಿಯಲ್ಲಿ ಯಾರಾದರೂ ಇದ್ದರೆ ಒಂದು ಮಾತು. ಮೇಲ್ ಬೌನ್ಸ್ ಆಗೋದು ನಿಂತರೆ ಖುಷಿಪಡಬೇಡಿ. ಹೊಸ ಮಾಲೀಕ ಮೇಲ್ ಸರ್ವರ್ ಹಾಕಿದ್ದಾನೆ ಅಂತ ಅರ್ಥ. ನಿಮಗೆ ಬರಬೇಕಾದ ಡ್ರಾಯಿಂಗ್, ಒಟಿಪಿ ಎಲ್ಲಾ ಅವನಿಗೆ ಹೋಗಬಹುದು. ನಾವು ಜಿಎಸ್‌ಟಿ, ಬ್ಯಾಂಕ್, ಉದ್ಯಮ್ ನೋಂದಣಿ, ಎಲ್ಲದರಲ್ಲೂ ಮೇಲ್ ವಿಳಾಸ ಬದಲಿಸಿದೆವು. ಬ್ಯಾಂಕ್ ಡಿಟೇಲ್ಸ್ ಬದಲಾಗಿದೆ ಅಂತ ಹಳೇ ವಿಳಾಸದಿಂದ ಮೇಲ್ ಬಂದರೆ ನಂಬಬೇಡಿ ಅಂತ ಒಬ್ಬೊಬ್ಬ ಗ್ರಾಹಕರಿಗೂ ಫೋನ್ ಮಾಡಿ ಹೇಳಿದೆವು. ಎಲ್ಲಕ್ಕಿಂತ ಸುಸ್ತಾಗಿದ್ದು ಅದರಲ್ಲೇ.

ಈಗ ಡಾಟ್ ಇನ್ ಹೆಸರಿನಲ್ಲಿ ಬೇರೆ ಕಡೆ ಇದ್ದೇವೆ. ಹಳೆಯ ಕಂಪನಿಯಲ್ಲಿ ನಮ್ಮ ಇನ್ನೊಂದು ಡಾಟ್ ಕಾಮ್ ಉಳಿದಿದೆ. ಅದನ್ನೂ ಹೊರಗೆ ತರಲು ಟ್ರಾನ್ಸ್‌ಫರ್ ಕೋಡ್ ಕೇಳಿದ್ದೇನೆ. ಕೇಳಿದ ಐದು ದಿನದೊಳಗೆ ಅವರು ಕೊಡಲೇಬೇಕು. ಆಯೋಗದಲ್ಲಿ ಏನಾಯಿತು ಅನ್ನೋದನ್ನು ಈ ವಿಮರ್ಶೆಯಲ್ಲೇ ಸೇರಿಸುತ್ತೇನೆ.