ದುಡ್ಡು ಕೊಟ್ಟ ಕೌನ್ಸೆಲಿಂಗಿಗಿಂತ ಕಾಲೇಜಿನ ಮಾರ್ಗದರ್ಶನ ಕೋಶವೇ ವಾಸಿ

ತಂಗಿ ಪಿಯುಸಿ ಸೈನ್ಸ್ ಮುಗಿಸಿ ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿದ್ದಾಳೆ. ಬಿಎಸ್ಸಿಯಲ್ಲಿ ಯಾವ ಕಾಂಬಿನೇಷನ್, ಅದಾದ ಮೇಲೆ ಏನು ಅನ್ನುವುದಕ್ಕೆ ಎರಡು ಕಡೆ ಸಲಹೆ ಸಿಕ್ಕಿತು. ಒಂದು, ಬೆಂಗಳೂರಿನಲ್ಲಿ ನಮ್ಮ ಮಾವ ಫೀಸು ಕಟ್ಟಿ ಮಾಡಿಸಿದ ಕರಿಯರ್ ಕೌನ್ಸೆಲಿಂಗ್. ಇನ್ನೊಂದು ಕಾಲೇಜಿನದೇ ಮಾರ್ಗದರ್ಶನ ಕೋಶ, ಪುಕ್ಕಟೆ. ಮೊದಲನೆಯದಕ್ಕೆ ಐದರಲ್ಲಿ ಒಂದೂವರೆ ಕೊಡುತ್ತೇನೆ, ಎರಡನೆಯದಕ್ಕೆ ನಾಲ್ಕು.

ಬೆಂಗಳೂರಿನದನ್ನು ಬೇಗ ಮುಗಿಸುತ್ತೇನೆ. ಎಸಿ ರೂಮು, ಕಾಫಿ, ಕಂಪ್ಯೂಟರಿನಲ್ಲಿ ಒಂದು ಟೆಸ್ಟು. ನಿಮಗೆ ಗುಂಪಿನಲ್ಲಿ ಇರುವುದು ಇಷ್ಟವೋ ಒಬ್ಬರೇ ಇರುವುದು ಇಷ್ಟವೋ, ಇಂಥವೇ ಪ್ರಶ್ನೆ. ಕೊನೆಗೆ ಬಣ್ಣಬಣ್ಣದ ಚಾರ್ಟುಗಳ ದಪ್ಪ ರಿಪೋರ್ಟು. ಅದರ ಪ್ರಕಾರ ನನ್ನ ತಂಗಿ ಪರಿಸರ ಸಲಹೆಗಾರ್ತಿ ಆಗಬಹುದು, ಡಿಸೈನರ್ ಆಗಬಹುದು, ಉದ್ಯಮಿಯೂ ಆಗಬಹುದು. ಯಾರಾದರೂ ಆಗಬಹುದು ಬಿಡಿ! ಅಂಕಪಟ್ಟಿ ತೋರಿಸು ಅಂತ ಒಬ್ಬರೂ ಕೇಳಲಿಲ್ಲ. ಎಲ್ಲಿ ಓದಬೇಕು ಅಂದರೆ ಹೇಳಿದ್ದೆಲ್ಲ ಖಾಸಗಿ ವಿಶ್ವವಿದ್ಯಾಲಯಗಳ ಹೆಸರು.

ಕಾಲೇಜಿನ ಕೋಶ ಅಂದರೆ ಎನ್ಎಸ್ಎಸ್ ರೂಮಿನ ಪಕ್ಕ ಒಂದು ಸ್ಟೀಲ್ ಬೀರು, ಎರಡು ಬೆಂಚು, ಬಾಟನಿ ಮೇಡಂ ಒಬ್ಬರು. ಅಷ್ಟೇ. ಅವರ ಮೊದಲ ಮಾತೇ "ಪಿಯುಸಿ ಮಾರ್ಕ್ಸ್ ಕಾರ್ಡ್ ತಂದಿದ್ದೀಯಾ?" ಕೆಮಿಸ್ಟ್ರಿ, ಬಯಾಲಜಿ ಚೆನ್ನಾಗಿದೆ, ಗಣಿತದಲ್ಲಿ ಅಂತೂ ಇಂತೂ ಪಾಸು. ಆದರೂ ಎಲ್ಲರೂ ಹೇಳುತ್ತಾರೆ ಅಂತ ಇವಳಿಗೆ ಪಿಎಂಸಿಎಸ್ (ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್) ಆಸೆ. ಮೇಡಂ ಬೈಯಲಿಲ್ಲ. ಹಳೇ ಪ್ರಶ್ನೆಪತ್ರಿಕೆಯ ಹಿಂದೆ ಗೆರೆ ಎಳೆದು ತೋರಿಸಿದರು. ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ತಗೊಂಡರೆ ಆ ವಿಷಯಗಳಲ್ಲಿ ಎಂಎಸ್ಸಿ ಇದೆ, ಬಿ.ಇಡಿ ಇದೆ. ಬಿ.ಇಡಿ ಮನಸ್ಸಿದ್ದರೆ ಶಾಲೆಯಲ್ಲಿ ಕಲಿಸುವ ವಿಷಯ ಪದವಿಯಲ್ಲಿ ಇರಲೇಬೇಕು, ಸಾಮಾನ್ಯ ವರ್ಗಕ್ಕೆ ಶೇ. 50 ಅಂಕ ಬೇಕು. 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರ ನೇಮಕಾತಿಯಲ್ಲಿ ಗಣಿತ-ವಿಜ್ಞಾನ ಒಂದು ವಿಭಾಗ, ಜೀವವಿಜ್ಞಾನವೇ ಇನ್ನೊಂದು. ಕೆಎಎಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ, ಅದಕ್ಕೋಸ್ಕರ ಸುಮ್ನೆ ಕಾಂಬಿನೇಷನ್ ಕೆಡಿಸಿಕೊಳ್ಳಬೇಡ ಅಂದರು. ಆ ದಪ್ಪ ರಿಪೋರ್ಟಿನಲ್ಲಿ ಇದರಲ್ಲಿ ಒಂದು ಸಾಲೂ ಇರಲಿಲ್ಲ.

ಇನ್ನೊಂದು ಗೊಂದಲ ಸೀನಿಯರ್‌ಗಳಿಂದ ಬಂದದ್ದು. ರಾಜ್ಯದಲ್ಲಿ 2021-22ರಿಂದ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ವಾಪಸ್. ಹಾಗಾಗಿ ನಾಲ್ಕನೇ ವರ್ಷದ ಆನರ್ಸ್ ಅಂತ ಅಕ್ಕಂದಿರು ಹೇಳುವುದು ಅವರ ಕಾಲಕ್ಕೆ ಸರಿ, ಇವಳಿಗೆ ಹೊಂದುವುದಿಲ್ಲ. ಇದನ್ನು ಕೂರಿಸಿಕೊಂಡು ಬಿಡಿಸಿ ಹೇಳುವವರು ಕಾಲೇಜಿಗೆ ಒಬ್ಬರಾದರೂ ಬೇಕು, ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಸ್ಕಾಲರ್‌ಶಿಪ್ ಕೆಲಸ. ಎಸ್‌ಎಸ್‌ಪಿ ಪೋರ್ಟಲ್, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣ, ಗೊತ್ತಿದ್ದವರಿಗೆ ಆ ಕಷ್ಟ ಗೊತ್ತು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ದಾಖಲೆಗಳಿಗೆ ಇ-ದೃಢೀಕರಣ ಬೇಕು, ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಬ್ಯಾಂಕಿನವರು "ಲಿಂಕ್ ಆಗಿದೆ" ಅಂದರೆ ನಂಬಬೇಡಿ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಮೇಲೆ ಬರುವ ಸರ್ಕಾರದ ಹಣ ಇದೇ ಖಾತೆಗೆ ಬೀಳುವ ಜೋಡಣೆ, ಆಗಿದೆಯಾ ಅಂತ ಬಿಡಿಸಿ ಕೇಳಿ. ನಾನು ಹೋದಾಗ ಒಬ್ಬ ಹುಡುಗಿ ಅರ್ಜಿ ಸಲ್ಲಿಕೆಯಾಗುತ್ತಿಲ್ಲ ಅಂತ ಅಳುಮುಖ ಮಾಡಿಕೊಂಡು ನಿಂತಿದ್ದಳು. ಮೇಡಂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು ಬೆರಳು ತೋರಿಸಿದರು. ಒಂದರಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ. ಆಧಾರ್ ತಿದ್ದಿಸಲು ಏನೇನು ತಗೊಂಡು ಹೋಗಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟರು.

ಒಂದು ಅಂಕ ಕಡಿಮೆ ಯಾಕೆ ಅಂದರೆ, ಇಡೀ ಕೋಶ ಈ ಒಬ್ಬರ ಮೇಲೆ ನಿಂತಿದೆ. ಅವರಿಗೆ ವರ್ಗವಾದರೆ ಉಳಿಯುವುದು ಬೀರು ಮಾತ್ರ. ಕ್ಯಾಂಪಸ್ ಡ್ರೈವ್ ಅಂತ ಬರುವವರೆಲ್ಲ ಬಿಕಾಂ, ಬಿಸಿಎ ಹುಡುಗರನ್ನೇ ಕೇಳುತ್ತಾರೆ, ಬಿಎ, ಬಿಎಸ್ಸಿಯವರು ಬಾಗಿಲಲ್ಲೇ ನಿಲ್ಲಬೇಕು. ಮನಸ್ಸಿನ ತೊಂದರೆ ಹೇಳಿಕೊಳ್ಳಲು ಕಾಲೇಜಿನಲ್ಲಿ ಆಪ್ತ ಸಮಾಲೋಚಕರು ಇಲ್ಲ, ಗೋಡೆ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಪೋಸ್ಟರ್ ಇದೆ. ಆ ಸೇವೆ ಶುರುವಾದದ್ದು 2022ರ ಅಕ್ಟೋಬರಿನಲ್ಲಿ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಇದರ ಬೆನ್ನಿಗೆ ನಿಮ್ಹಾನ್ಸ್ ಇದೆ. ಆದರೆ ಪೋಸ್ಟರನ್ನು ಅಂಟಿಸಿರುವುದು ಪ್ರಿನ್ಸಿಪಾಲರ ಕೋಣೆ ಎದುರಿಗೆ! ಅಲ್ಲಿ ನಿಂತು ನಂಬರ್ ಬರೆದುಕೊಳ್ಳುವ ಧೈರ್ಯ ಯಾವ ಹುಡುಗನಿಗಿದೆ? ಹಾಸ್ಟೆಲ್ ಕಡೆ ಹಾಕಲಿ.

ನಿಮ್ಮ ಕಾಲೇಜಿನಲ್ಲೂ ಇಂಥದ್ದೊಂದು ಕೋಶ ಇರಬಹುದು, ಬೋರ್ಡ್ ಕಾಣದಿದ್ದರೆ ಆಫೀಸಿನಲ್ಲಿ ಕೇಳಿ. ನಮ್ಮಲ್ಲಿ ಮಧ್ಯಾಹ್ನ ಎರಡರ ಮೇಲೆ ಹೋದರೆ ಮೇಡಂ ಸಿಗುತ್ತಾರೆ, ಇಂಟರ್ನಲ್ಸ್ ವಾರ ಮಾತ್ರ ಬೇಡ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರರದ್ದೂ ಜೆರಾಕ್ಸ್ ಇಟ್ಟುಕೊಂಡೇ ಹೋಗಿ, ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅಡ್ಮಿಷನ್ ಸಮಯಕ್ಕೆ ಕರೆಂಟ್ ಇದ್ದರೆ ಪೇಪರ್ ಇರುವುದಿಲ್ಲ.