ತುಮಕೂರಿನಲ್ಲಿ ಮಕ್ಕಳನ್ನು ಪಿಯಾನೋ ಕ್ಲಾಸಿಗೆ ಸೇರಿಸುವ ಮೊದಲು ಇದನ್ನು ಓದಿ

ವರ್ಷದ ಫೀಸನ್ನು ಒಟ್ಟಿಗೆ ಕೇಳುವ, ಆದರೆ ನಿಯಮಗಳನ್ನು ಬರೆದು ಕೊಡದ ಪಿಯಾನೋ ಕ್ಲಾಸಿಗೆ ನಿಮ್ಮ ಮಕ್ಕಳನ್ನು ಸೇರಿಸಬೇಡಿ. ನಾನು ಹೇಳಬೇಕಾಗಿರುವುದು ಇಷ್ಟೇ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು. ಬೇಸಿಗೆ ರಜೆ ಹತ್ತಿರ ಬರುತ್ತಿದೆ. ಬಿ.ಎಚ್. ರಸ್ತೆಯಲ್ಲಿ, ಎಸ್.ಎಸ್. ಪುರಂ ಕಡೆ ಸಂಗೀತ ಕ್ಲಾಸುಗಳ ಬ್ಯಾನರ್ ಮತ್ತೆ ಕಾಣಿಸುತ್ತಿವೆ. ನಮಗೆ ಆದದ್ದು ಇನ್ನೊಂದು ಮನೆಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ಆ ಕ್ಲಾಸಿನ ಹೆಸರು ಹಾಕುವುದಿಲ್ಲ. ಅವರು ನಡೆದುಕೊಂಡ ರೀತಿ ಗೊತ್ತಾದರೆ, ಹಾಗೇ ನಡೆದುಕೊಳ್ಳುವ ಬೇರೆಯವರನ್ನೂ ನೀವು ಗುರುತು ಹಿಡಿಯಬಹುದು.

ನನ್ನ ಮಗಳಿಗೆ ಎಂಟು ವರ್ಷ. ಪಿಯಾನೋ ಕಲಿಯುತ್ತೇನೆ ಅಂತ ಅವಳೇ ಹಟ ಹಿಡಿದಳು. ಟ್ರಯಲ್ ಕ್ಲಾಸ್ ಚೆನ್ನಾಗಿತ್ತು. 'ಬೆಂಗಳೂರಿನಿಂದ ಬರುವ ಟೀಚರ್, ವಾರಕ್ಕೆ ಎರಡು ಸಲ, ಒಬ್ಬೊಬ್ಬ ಮಗುವಿಗೂ ಪ್ರತ್ಯೇಕ ಮುಕ್ಕಾಲು ಗಂಟೆ' ಅಂತ ಹೇಳಿದರು. ವರ್ಷದ ಫೀಸು ಒಂದೇ ಸಲ ಕಟ್ಟಿದರೆ ಕಡಿಮೆ ಮಾಡುತ್ತೇವೆ ಅಂದರು. ನಾನು ಕೇಳಿದೆ: ಮಗುವಿಗೆ ಹುಷಾರಿಲ್ಲದೆ ಬರದಿದ್ದರೆ ಏನು? ನೀವೇ ಕ್ಲಾಸ್ ತೆಗೆದುಕೊಳ್ಳದಿದ್ದರೆ ಏನು? ನಡುವೆ ಬಿಡಬೇಕಾಗಿ ಬಂದರೆ ದುಡ್ಡು ವಾಪಸ್ ಕೊಡುತ್ತೀರಾ? ಕ್ಲಾಸ್ ನಡೆಸುವವರು ನಕ್ಕು, "ಅಯ್ಯೋ ಮೇಡಂ, ನಾವೇನು ಹೊರಗಿನವರಾ? ಎಲ್ಲ ಅಡ್ಜಸ್ಟ್ ಮಾಡಿಕೊಳ್ಳೋಣ" ಅಂದರು. ರಸೀದಿ ಕೇಳಿದ್ದಕ್ಕೆ, ಫೋನ್‌ಪೇಯಲ್ಲಿ ಹಾಕಿದ್ದೀರಲ್ಲ, ಅದೇ ರಸೀದಿ ಅಂದರು.

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಲು ಈಗಲೂ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ಇದು, 1884ರಿಂದ ಆ ಗಾಳಿ ಇಲ್ಲಿದೆ. ನಮ್ಮ ಊರಿಗೆ ಬರುತ್ತಿದ್ದ ಮೇಷ್ಟ್ರು ಮೊದಲ ದಿನವೇ ಊರವರ ಎದುರು ಕೂತು ಎಲ್ಲ ಮಾತಾಡಿಕೊಳ್ಳುತ್ತಿದ್ದರು. ಎಷ್ಟು ತಿಂಗಳು, ಎಷ್ಟು ದುಡ್ಡು, ಊಟ ಯಾರ ಮನೆಯಲ್ಲಿ, ಮಳೆ ಬಂದು ಪ್ರಾಕ್ಟೀಸ್ ನಿಂತರೆ ಏನು. ಅದರಿಂದ ಯಾರಿಗೂ ಬೇಜಾರಾಗುತ್ತಿರಲಿಲ್ಲ. ಮೊದಲೇ ಮಾತಾಡಿಕೊಂಡದ್ದರಿಂದಲೇ ಕೊನೆವರೆಗೂ ಚೆನ್ನಾಗಿರುತ್ತಿದ್ದರು.

ಇಲ್ಲಿ ಆದದ್ದು ಕೇಳಿ. ಬೆಂಗಳೂರಿನ ಟೀಚರ್ ಶುರುವಿನಲ್ಲಿ ಬಂದರು. ಬೆಂಗಳೂರು ಇಲ್ಲಿಗೆ ಎಪ್ಪತ್ತು ಕಿಲೋಮೀಟರ್. ಟ್ರೈನ್ ಲೇಟಾದರೆ ಕ್ಲಾಸ್ ಇಲ್ಲ, ನೆಲಮಂಗಲದ ಹತ್ತಿರ ಟ್ರಾಫಿಕ್ ಆದರೂ ಕ್ಲಾಸ್ ಇಲ್ಲ. ಆ ಮೆಸೇಜ್ ಬರುತ್ತಿದ್ದದ್ದು ಮಗು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತ ಮೇಲೆ, ಕೆಲವು ಸಲ ನಾವು ಕ್ಲಾಸಿನ ಗೇಟಿಗೆ ಬಂದ ಮೇಲೆ. ಹೀಗೆ ತಪ್ಪಿದ ಕ್ಲಾಸಿಗೆ ಬದಲಿ ಕೊಡಲಿಲ್ಲ. ಕೇಳಿಕೇಳಿ ಒಮ್ಮೆ ಕೊಟ್ಟರು, ಅದೂ ಶಾಲೆ ಇರುವ ದಿನ ಬೆಳಿಗ್ಗೆ. ಬರಲು ಆಗಲಿಲ್ಲ ಅಂದರೆ ಅದು ನಮ್ಮ ಲೆಕ್ಕಕ್ಕೆ. ಮಗಳಿಗೆ ಜ್ವರ ಬಂದ ವಾರದ ಕ್ಲಾಸ್ ಮಾತ್ರ ಚಾಚೂ ತಪ್ಪದೆ ಲ್ಯಾಪ್ಸ್ ಆಯಿತು.

ಮಗು ಬರದಿದ್ದಾಗ ಕ್ಲಾಸ್ ಲ್ಯಾಪ್ಸ್ ಆಗುವುದರ ಬಗ್ಗೆ ನನಗೆ ತಕರಾರಿಲ್ಲ. ಟೀಚರ್ ಆ ಹೊತ್ತನ್ನು ಅವಳಿಗೆ ಅಂತಲೇ ಇಟ್ಟಿರುತ್ತಾರೆ, ಬೇರೆ ಮಗುವನ್ನು ಕರೆಯಲು ಆಗುವುದಿಲ್ಲ. ಅವರ ಹೊಟ್ಟೆಪಾಡು ಅದು. ನಮ್ಮಲ್ಲಿ ಎಷ್ಟೋ ಪೋಷಕರು ಸುಮ್ನೆ ಮದುವೆ, ನಾಮಕರಣ ಅಂತ ಕ್ಲಾಸ್ ತಪ್ಪಿಸಿ ಬದಲಿ ಕೊಡಿ ಅಂತ ಜಗಳಕ್ಕೆ ನಿಲ್ಲುತ್ತಾರೆ, ಅದೂ ಸರಿಯಲ್ಲ. ಆದರೆ ನಿಯಮ ಎರಡೂ ಕಡೆಗೆ ಒಂದೇ ಇರಬೇಕು ಅಲ್ವಾ? ನಾವು ತಪ್ಪಿಸಿದರೆ ನಮಗೆ ನಷ್ಟ. ಅವರು ತಪ್ಪಿಸಿದರೆ ಅದನ್ನು ಅವರೇ ತುಂಬಿಕೊಡಬೇಕು.

ಪೋಷಕರನ್ನು ಒಳಗೆ ಬಿಡುತ್ತಿರಲಿಲ್ಲ. ಮಕ್ಕಳ ಗಮನ ಹೋಗುತ್ತದೆ ಅನ್ನುವ ಕಾರಣ ಕೊಟ್ಟಿದ್ದರು. ಒಂದು ದಿನ ಮಗಳು ಮರೆತ ನೀರಿನ ಬಾಟಲಿ ಕೊಡಲು ಬಾಗಿಲು ತೆಗೆದರೆ, ಒಂದೇ ಕೋಣೆಯಲ್ಲಿ ಮೂರು ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂರು ಕೀಬೋರ್ಡ್ ಮುಂದೆ ಕೂತಿದ್ದರು. ಟೀಚರ್ ಇರಲಿಲ್ಲ. ಹೈಸ್ಕೂಲ್ ಓದುವ ಹುಡುಗಿಯೊಬ್ಬಳು ಒಬ್ಬರ ನಂತರ ಒಬ್ಬರಿಗೆ ಬೆರಳಿಟ್ಟು ತೋರಿಸುತ್ತಿದ್ದಳು. ಕೀಗಳ ಮೇಲೆಲ್ಲ ಅಕ್ಷರದ ಸ್ಟಿಕ್ಕರ್. ನಾವು ದುಡ್ಡು ಕೊಟ್ಟ ಪ್ರತ್ಯೇಕ ಕ್ಲಾಸ್ ಇದು. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ, ಅವಳೂ ಅಲ್ಲಿ ಕಲಿಯಲು ಬಂದವಳೇ. ಸಣ್ಣ ಮಕ್ಕಳ ಕ್ಲಾಸಿನಲ್ಲಿ ಬಾಗಿಲು ಮುಚ್ಚಿ ಪೋಷಕರನ್ನು ದೂರ ಇಡುವವರನ್ನು ನಂಬಬೇಡಿ. ಒಳಗೆ ಬಿಡದಿದ್ದರೂ ಕಿಟಕಿಯಿಂದಲಾದರೂ ಕಾಣುವ ಹಾಗಿರಬೇಕು. ಪಾಠದ ವಿಷಯ ಹಾಗಿರಲಿ, ಮಗುವಿನ ಸುರಕ್ಷತೆಗೇ ಅದು ಬೇಕು.

ಕೀಬೋರ್ಡನ್ನೂ ಅವರೇ ಕೊಡಿಸಿದರು. 61 ಕೀ ಇರುವುದು. ಪರೀಕ್ಷೆಯವರೆಗೂ ಇದೇ ಸಾಕು ಅಂದರು. ನಿಜವಾದ ಪಿಯಾನೋದಲ್ಲಿ 88 ಕೀ ಇರುತ್ತವೆ, ಬಿಳಿ 52, ಕಪ್ಪು 36. ಮೊದಮೊದಲ ಪಾಠಗಳಿಗೆ 61 ಸಾಲುತ್ತದೆ, ಅದೇನೂ ಸುಳ್ಳಲ್ಲ. ಆದರೆ ಅವರು ಕೊಡಿಸಿದ್ದರಲ್ಲಿ ಟಚ್ ರೆಸ್ಪಾನ್ಸ್ ಇರಲಿಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಪಿಯಾನೋ ನುಡಿಸುವುದು ಅಂದರೆ ಬೆರಳ ಒತ್ತಡದಲ್ಲಿ ಸದ್ದನ್ನು ಹೆಚ್ಚು ಕಡಿಮೆ ಮಾಡುವುದು. ಅದೇ ಬರದ ವಾದ್ಯದ ಮೇಲೆ ಮಗು ಅದನ್ನು ಹೇಗೆ ಕಲಿಯಬೇಕು? ಆಮೇಲೆ ನಿಜವಾದ ಪಿಯಾನೋ ಮುಂದೆ ಕೂರಿಸಿದಾಗ ಅವಳ ಬೆರಳಿಗೆ ಕೀ ಒತ್ತುವ ಬಲವೇ ಇರಲಿಲ್ಲ. ದುಡ್ಡು ಸಾಲದಿದ್ದರೆ ಹಳೆಯದನ್ನೇ ತೆಗೆದುಕೊಳ್ಳಿ, ಆದರೆ ಟಚ್ ರೆಸ್ಪಾನ್ಸ್ ಇದೆಯಾ ಅಂತ ನೋಡಿ. ಸಾಧ್ಯವಾದರೆ, ನಿಜವಾದ ಪಿಯಾನೋದ ಹಾಗೆ ಒತ್ತಲು ಭಾರ ಇರುವ 88 ಕೀಗಳ ಡಿಜಿಟಲ್ ಪಿಯಾನೋ ಒಳ್ಳೆಯದು. ಮತ್ತೆ, ಕಲಿಸುವವರೇ ಮಾರುತ್ತಿದ್ದರೆ ಬೇರೆ ಅಂಗಡಿಯಲ್ಲೂ ಒಮ್ಮೆ ಬೆಲೆ ಕೇಳಿ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಪರೀಕ್ಷೆಯ ವಿಷಯಕ್ಕೆ. 'ಈ ವರ್ಷವೇ ಲಂಡನ್ ಗ್ರೇಡ್ ಒಂದು ಬರೆಸುತ್ತೇವೆ' ಅಂತ ಎಲ್ಲ ಪೋಷಕರಿಂದ ಪ್ರತ್ಯೇಕ ಫೀಸು ತೆಗೆದುಕೊಂಡರು. ಬರೆಯದಿದ್ದರೆ ವರ್ಷ ಹಾಳು ಅಂತ ಹೆದರಿಸಿದರು. ವರ್ಷಪೂರ್ತಿ ಮೂರೇ ಪಾಠವನ್ನು ಬಾಯಿಪಾಠದ ಹಾಗೆ ಬೆರಳಿಗೆ ಕೂರಿಸಿದರು. ಸ್ವರ ಬರೆದ ಹಾಳೆ ಕೊಟ್ಟರೆ ನನ್ನ ಮಗಳಿಗೆ ಓದಲು ಬರುತ್ತಿರಲಿಲ್ಲ. ಪರೀಕ್ಷೆಯ ತಾರೀಕು ಕೇಳಿದರೆ 'ಬರುತ್ತೆ, ಬರುತ್ತೆ'. ಕೊನೆಗೆ ಒಂದು ಭಾನುವಾರ ಅದೇ ಕೋಣೆಯಲ್ಲಿ ಯಾರೋ ಒಬ್ಬರು ಕೂತು ಮಕ್ಕಳ ಕೈಲಿ ನುಡಿಸಿ ನೋಡಿದರು. ಬಣ್ಣದ ಸರ್ಟಿಫಿಕೇಟ್ ಕೊಟ್ಟರು. ಅದರ ಮೇಲೆ ಇದ್ದದ್ದು ಆ ಕ್ಲಾಸಿನ ಹೆಸರು ಮಾತ್ರ. ಮಾರ್ಕ್ಸೂ ಇಲ್ಲ.

ನಿಜವಾದ ಪರೀಕ್ಷೆ ಹೇಗಿರುತ್ತದೆ ಅಂತ ಗೊತ್ತಿದ್ದರೆ ಯಾರೂ ಹೀಗೆ ಮೋಸ ಮಾಡಲು ಆಗುವುದಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಮಕ್ಕಳು ಬರೆಯುವುದು ಹೆಚ್ಚಾಗಿ ಲಂಡನ್ನಿನ ಎರಡು ಸಂಗೀತ ಪರೀಕ್ಷಾ ಮಂಡಳಿಗಳ ಪರೀಕ್ಷೆ. ಒಂದು 1889ರಲ್ಲಿ ಶುರುವಾದ ಎಬಿಆರ್‌ಎಸ್‌ಎಂ, ಇನ್ನೊಂದು ಟ್ರಿನಿಟಿ ಕಾಲೇಜ್ ಲಂಡನ್. ಎರಡರಲ್ಲೂ ಇನಿಷಿಯಲ್ ಅನ್ನುವ ಆರಂಭದ ಹಂತದಿಂದ 8ನೇ ಗ್ರೇಡ್‌ವರೆಗೆ ಇದೆ. ಟ್ರಿನಿಟಿಯಲ್ಲಿ ಒಟ್ಟು 100 ಅಂಕ, ಪಾಸಾಗಲು 60, ಮೆರಿಟ್‌ಗೆ 75, ಡಿಸ್ಟಿಂಕ್ಷನ್‌ಗೆ 87. ಎಬಿಆರ್‌ಎಸ್‌ಎಂನಲ್ಲಿ ಒಟ್ಟು 150, ಪಾಸಾಗಲು 100. ನುಡಿಸಿದ ಒಂದೊಂದು ಸಂಗೀತದ ತುಣುಕಿಗೂ ಬೇರೆ ಬೇರೆ ಅಂಕ, ಜೊತೆಗೆ ಪರೀಕ್ಷಕರು ಬರೆದ ಅಭಿಪ್ರಾಯ ಇರುತ್ತದೆ. ಆ ಹಾಳೆ ಕೈಗೆ ಬರಲಿಲ್ಲ ಅಂದರೆ ಅನುಮಾನ ಪಡಿ. ಟ್ರಿನಿಟಿಯಲ್ಲಿ ಪಿಯಾನೋ ಪರೀಕ್ಷೆ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಪರೀಕ್ಷೆ ಬೇರೆ. ಯಾವುದಕ್ಕೆ ಹೆಸರು ಕೊಟ್ಟಿದ್ದಾರೆ ಅಂತ ಕೇಳಿ. ಈ ವರ್ಷವೇ ಬರೆಯಬೇಕು ಅನ್ನುವ ವಯಸ್ಸಿನ ನಿಯಮ ಎರಡು ಕಡೆಯೂ ಇಲ್ಲ. ಒಂದನೇ ಗ್ರೇಡ್ ಬರೆಯದೆ ನೇರವಾಗಿ ಎರಡನ್ನೋ ಮೂರನ್ನೋ ಬರೆಯಬಹುದು. ವರ್ಷ ಹಾಳಾಗುವ ಪ್ರಶ್ನೆಯೇ ಬರುವುದಿಲ್ಲ.

ಸರ್ಟಿಫಿಕೇಟ್ ನೋಡಿ ನಾನು ದುಡ್ಡು ವಾಪಸ್ ಕೇಳಿದೆ. ಅಲ್ಲಿಯವರೆಗೆ ಒಂದು ಸಾಲು ನಿಯಮವನ್ನೂ ತೋರಿಸದವರು ಅವತ್ತು ಸಂಜೆಯೇ ಟೈಪ್ ಮಾಡಿದ ಹಾಳೆಯ ಫೋಟೋ ಕಳಿಸಿದರು. 'ಕಟ್ಟಿದ ಫೀಸು ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ.' ನಿಯಮ ಇಲ್ಲ ಅಂತ ಇವರು ಹೇಳುತ್ತಿದ್ದದ್ದು ನಮ್ಮ ಮೇಲಿನ ಸಲಿಗೆಯಿಂದ ಅಲ್ಲ. ಬೇಕಾದಾಗ ಬೇಕಾದ ನಿಯಮ ಮಾಡಿಕೊಳ್ಳುವುದಕ್ಕೆ ಜಾಗ ಇಟ್ಟುಕೊಂಡಿದ್ದರು.

ಮಗಳು ಮಾತ್ರ ತನಗೇ ಬರುವುದಿಲ್ಲ ಅಂದುಕೊಂಡಿದ್ದಳು. "ನಾನು ದಡ್ಡಿ, ಅದಕ್ಕೆ ಟೀಚರ್ ಬರಲ್ಲ ಅಮ್ಮ" ಅಂದಳು. ದುಡ್ಡು ಹೋದದ್ದನ್ನು ಮರೆಯಬಹುದು. ಇದನ್ನು ನಾನು ಅವರಿಗೆ ಕ್ಷಮಿಸಲಾರೆ.

ಈಗ ಅವಳು ಬೇರೆ ಮೇಷ್ಟ್ರ ಹತ್ತಿರ ಹೋಗುತ್ತಾಳೆ. ತುಂಬಾ ಶಿಸ್ತಿನವರು. ದುಡ್ಡು ಮುಟ್ಟುವ ಮೊದಲೇ ಒಂದು ಹಾಳೆ ಕೊಟ್ಟು ಓದಿ ಸಹಿ ಮಾಡಿ ಅಂದರು. ಫೀಸು ತಿಂಗಳು ತಿಂಗಳು. ಬರುವುದಿಲ್ಲ ಅಂತ ಹಿಂದಿನ ದಿನವೇ ತಿಳಿಸಿದರೆ ಬದಲಿ ಕ್ಲಾಸ್, ಇಲ್ಲದಿದ್ದರೆ ಇಲ್ಲ. ಅವರು ತಪ್ಪಿಸಿದರೆ ಬದಲಿ ಕೊಡುತ್ತಾರೆ, ಇಲ್ಲವೇ ಮುಂದಿನ ತಿಂಗಳ ಫೀಸಿನಲ್ಲಿ ಕಳೆಯುತ್ತಾರೆ. ಬಿಡುವುದಾದರೆ ಒಂದು ತಿಂಗಳು ಮೊದಲು ಹೇಳಬೇಕು. ಉಗುರು ಕತ್ತರಿಸಿರಬೇಕು. ದಿನಾ ಇಪ್ಪತ್ತು ನಿಮಿಷ ಪ್ರಾಕ್ಟೀಸ್ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದು ಪೋಷಕರ ಸಹಿ ಹಾಕಿಸಿಕೊಂಡು ಬರಬೇಕು. ಪರೀಕ್ಷೆ ಮಗು ತಯಾರಾದಾಗ ಮಾತ್ರ, ಅದರ ರಿಜಿಸ್ಟ್ರೇಷನ್ ಕಾಗದದ ಪ್ರತಿ ನಮ್ಮ ಕೈಗೆ. ಮನೆಯಲ್ಲಿ ಯಾವ ಕೀಬೋರ್ಡ್ ಇದೆ, ಅವಳಿಗೆ ಯಾವ ಹಾಡು ಇಷ್ಟ ಅಂತಲೂ ಕೇಳಿದರು. ಒಂದು ವಾರ ನೋಟ್‌ಬುಕ್ ತರದಿದ್ದಕ್ಕೆ ನನಗೇ ಫೋನ್ ಮಾಡಿ ಬೈದರು. ನನಗೆ ಸಮಾಧಾನವೇ ಆಯಿತು. ನಮ್ಮಿಂದ ಏನು ಬೇಕು ಅಂತ ಸ್ಪಷ್ಟವಾಗಿ ಕೇಳುವವರು, ತಾವು ಕೊಡಬೇಕಾದದ್ದನ್ನೂ ಸರಿಯಾಗಿ ಕೊಡುತ್ತಿದ್ದಾರೆ.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಹಾಕಿಕೊಂಡವರಿಗೆ ಒಂದು ಮಾತು. ಫೋನಿನಲ್ಲಿ ಜಗಳ ಆಡಬೇಡಿ, ಬರೆದು ಕೇಳಿ. ನಾನು ಲಿಖಿತವಾಗಿ ಕೇಳಿದ ಮೇಲೆ ಪರೀಕ್ಷೆಯ ಫೀಸು ವಾಪಸ್ ಬಂತು. ಉಳಿದದ್ದು ಬಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ಎರಡು ವರ್ಷ ಸಮಯ ಇರುತ್ತದೆ, ಐದು ಲಕ್ಷದೊಳಗಿನ ವಿಷಯಕ್ಕೆ ಶುಲ್ಕವಿಲ್ಲ, ವಕೀಲರು ಇಲ್ಲದೆಯೂ ಕೊಡಬಹುದು. ನಾನು ಉಳಿದ ಹಣಕ್ಕೆ ದೂರು ಸಿದ್ಧ ಮಾಡುತ್ತಿದ್ದೇನೆ. ಅದೇ ಕ್ಲಾಸಿಗೆ ಮಕ್ಕಳನ್ನು ಕಳಿಸಿದ ಪೋಷಕರು ಇದನ್ನು ಓದುತ್ತಿದ್ದರೆ, ದುಡ್ಡು ಹಾಕಿದ ಸ್ಕ್ರೀನ್‌ಶಾಟ್, ಕ್ಲಾಸ್ ಇಲ್ಲ ಅಂತ ಬಂದ ವಾಟ್ಸಾಪ್ ಮೆಸೇಜುಗಳು, ಆ ಸರ್ಟಿಫಿಕೇಟ್, ಯಾವುದನ್ನೂ ಅಳಿಸಬೇಡಿ, ಎಸೆಯಬೇಡಿ.