ಟ್ಯಾಂಕಿನ ಹೊಟ್ಟೆಗೆ ತೂತು ಹಾಕಿಸುವ ಮೊದಲು ಇದನ್ನು ಓದಿ

ಮೊನ್ನೆ ಭಾನುವಾರ ಹಿಂದಿನ ಓಣಿಯ ಮಾಳಿಗೆಯೊಂದರಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕಸ ಸುಡುವ ವಾಸನೆ ಬೇರೆ, ಇದು ಬೇರೆ. ನನ್ನ ಮೂಗು ಒಮ್ಮೆ ದಂಡ ತೆತ್ತು ಕಲಿತಿದೆ. ನಮ್ಮ ಮಾಳಿಗೆ ಹತ್ತಿ ನೋಡಿದೆ. ಒಬ್ಬ ಕೆಲಸಗಾರ ಕಬ್ಬಿಣದ ಜಿಐ ಪೈಪಿನ ತುಂಡನ್ನು ಸ್ಟವ್ ಮೇಲೆ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಹೊಸ ನೀರಿನ ಟ್ಯಾಂಕಿನ ಬುಡಕ್ಕೆ ಒತ್ತುತ್ತಿದ್ದ. ಪಕ್ಕದಲ್ಲಿ ನೀರಿನ ಮಟ್ಟ ನೋಡುವ ಸೆನ್ಸರ್ ಡಬ್ಬಿ ಬಿಚ್ಚಿಟ್ಟಿತ್ತು. ಬೇಡ ಬೇಡ ಎಂದು ನಾನು ಕೂಗುವಷ್ಟರಲ್ಲಿ ತೂತು ಬಿದ್ದಾಗಿತ್ತು. ಆ ಮನೆಯವರಿಗೆ ಹೇಳುವುದು ತಡವಾಯಿತು. ಇನ್ನೂ ತೂತು ಹಾಕಿಸದವರಿಗಾದರೂ ಹೇಳಿಬಿಡುತ್ತೇನೆ.

ನಮ್ಮದು ರಾಯಚೂರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಕೊಡ ಹಿಡಿದ ನಾವು. ನಳ ಬಂದ ದಿನ ಸಂಪು ತುಂಬಿಸಿಕೊಳ್ಳುವುದು, ಅಲ್ಲಿಂದ ಮೋಟಾರ್ ಹಾಕಿ ಮಾಳಿಗೆಯ ಸಾವಿರ ಲೀಟರ್ ಟ್ಯಾಂಕಿಗೆ ಏರಿಸುವುದು ಎಲ್ಲ ಮನೆಗಳಂತೆ ನಮ್ಮ ಮನೆಯ ಪದ್ಧತಿಯೂ ಹೌದು. ನಾನು ಶಾಲಾ ಮಾಸ್ತರ. ಬೆಳಿಗ್ಗೆ ಹಳ್ಳಿಯ ಬಸ್ ಹಿಡಿದರೆ ಬರುವುದು ಸಂಜೆ. ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ನೋಡಲು ಎಪ್ಪತ್ತು ದಾಟಿದ ಅವ್ವ ಮೆಟ್ಟಿಲು ಹತ್ತುತ್ತಿದ್ದಳು. ಒಮ್ಮೆ ಕಾಲು ಜಾರಿತು. ಅಂದೇ ತೀರ್ಮಾನಿಸಿದೆ: ನೀರು ಕಡಿಮೆಯಾದರೆ ತಾನೇ ಮೋಟಾರ್ ಹೊತ್ತಬೇಕು, ತುಂಬಿದರೆ ತಾನೇ ಆರಬೇಕು. ಆಸೆಯಲ್ಲಿ ತಪ್ಪಿರಲಿಲ್ಲ.

ಅಂಗಡಿಯವರು ಒಂದು ಕಂಟ್ರೋಲ್ ಡಬ್ಬಿ, ಎರಡು ಸೆನ್ಸರ್ ಕೊಟ್ಟು, ಕೂರಿಸಲು ಒಬ್ಬನನ್ನೂ ಕಳಿಸಿದರು. ಸೆನ್ಸರ್ ಎಂದರೆ ಹೆಬ್ಬೆರಳಿನ ಗಾತ್ರದ ತೇಲುವ ಕೈ. ಅದರೊಳಗೊಂದು ಅಯಸ್ಕಾಂತ, ಕೈ ಮೇಲೆದ್ದರೂ ಕೆಳಗಿಳಿದರೂ ಬುಡದಲ್ಲಿರುವ, ಅಯಸ್ಕಾಂತಕ್ಕೆ ಸ್ಪಂದಿಸುವ ರೀಡ್ ಸ್ವಿಚ್ಚಿಗೆ ಗೊತ್ತಾಗುತ್ತದೆ. ವಸ್ತು ಒಳ್ಳೆಯದೇ. ಆದರೆ ಅದು ಟ್ಯಾಂಕಿನ ಗೋಡೆಗೆ ಅಡ್ಡಲಾಗಿ ಕೂರುವಂಥದ್ದು. ಮೇಲೊಂದು, ಬುಡದಿಂದ ನಾಲ್ಕು ಬೆರಳು ಎತ್ತರದಲ್ಲಿ ಇನ್ನೊಂದು. ಮುಚ್ಚಳದ ಕಡೆಯಿಂದ ಇಳಿಬಿಡುವಂಥದ್ದು ಇಲ್ಲವೇ ಎಂದು ಕೇಳಿದ್ದೆ. ಬಂದವನು ನಕ್ಕು, "ಸರ್, ಇಳಿಬಿಟ್ಟರೆ ವೈರ್ ಸಿಕ್ಕಾಗುತ್ತದೆ. ಸೈಡಿನಲ್ಲಿ ಹಾಕಿಸಿ, ಹತ್ತು ವರ್ಷ ಮರೆತುಬಿಡಿ" ಎಂದ. ಹತ್ತು ವರ್ಷದ ಮಾತು ಆಡುವವರನ್ನು ಕಂಡರೆ ಈಗ ನನಗೆ ಮೈ ಉರಿಯುತ್ತದೆ. ಐದು ವಾರವೂ ಬಾಳಲಿಲ್ಲ.

ಕಾದ ಪೈಪಿನಿಂದ ಹಾಕಿದ ತೂತು ದುಂಡಗೆ ಬರುವುದಿಲ್ಲ. ಕರಗಿದ ಪ್ಲಾಸ್ಟಿಕ್ ಒಂದು ಕಡೆ ಗಂಟು ಕಟ್ಟುತ್ತದೆ, ಇನ್ನೊಂದು ಕಡೆ ತೆಳುವಾಗಿ ಸೀಳಿಕೊಳ್ಳುತ್ತದೆ. ನಮ್ಮದು ಮೊಟ್ಟೆಯಾಕಾರಕ್ಕೆ ಬಂದು, ಸೆನ್ಸರಿನ ದಾರಕ್ಕಿಂತ ದೊಡ್ಡದಾಯಿತು. ರಬ್ಬರ್ ವಾಷರ್ ಚಪ್ಪಟೆ, ಟ್ಯಾಂಕಿನ ಗೋಡೆ ಬಾಗು, ಮೇಲೆ ಬಳೆಗಳ ಹಾಗೆ ಏರುತಗ್ಗು. ಎರಡೂ ಕೂಡಲಿಲ್ಲ. ಕೂಡದ ಜಾಗಕ್ಕೆಲ್ಲ ಆತ ಸಿಲಿಕಾನ್ ಅಂಟು ಮೆತ್ತಿ, ನಟ್ಟನ್ನು ಸ್ಪ್ಯಾನರಿನಿಂದ ಕಿರುಗುಟ್ಟುವವರೆಗೆ ಬಿಗಿದ. ನೋಡಲು ಭದ್ರವಾಗಿತ್ತು.

ಆಮೇಲೆ ತಿಳಿದುಕೊಂಡದ್ದನ್ನು ಇಲ್ಲೇ ಹೇಳುತ್ತೇನೆ. ಈ ಟ್ಯಾಂಕುಗಳು ಪಾಲಿಥಿಲೀನ್‌ನವು. ಪುಡಿಯನ್ನು ತಿರುಗುವ ಅಚ್ಚಿನಲ್ಲಿ ಕಾಯಿಸಿ ಮಾಡಿದವು. ಮೈಮೇಲೆ ಐಎಸ್ 12701 ಎಂದಿರುತ್ತದಲ್ಲ, ಅದು ಇವಕ್ಕೆಂದೇ ಇರುವ ಮಾನಕ. ಪಾಲಿಥಿಲೀನ್‌ಗೆ ಸಾಮಾನ್ಯ ಅಂಟು ಯಾವುದೂ ಸರಿಯಾಗಿ ಹಿಡಿಯುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಕುಳಿತಂತೆ ಸಿಲಿಕಾನ್ ಅದರ ಮೇಲೆ ಸುಮ್ಮನೆ ಕುಳಿತಿರುತ್ತದೆ, ಉಗುರಿನಲ್ಲಿ ಎಬ್ಬಿದರೆ ಪದರವಾಗಿ ಎದ್ದು ಬರುತ್ತದೆ. ಎರಡನೆಯದು ಬಿಸಿಲು. ಶಾಖಕ್ಕೆ ಪಾಲಿಥಿಲೀನ್ ಕಬ್ಬಿಣಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 42 ಡಿಗ್ರಿ. ಮಾಳಿಗೆಯ ಮೇಲಿನ ಟ್ಯಾಂಕಿಗೆ ನೆರಳೆಲ್ಲಿ? ಮಧ್ಯಾಹ್ನ ಹಿಗ್ಗಿ, ಬೆಳಗಿನ ಜಾವ ಕುಗ್ಗಿ, ನೀರು ತುಂಬಿದಾಗ ಉಬ್ಬಿ, ಖಾಲಿಯಾದಾಗ ಒಳಸರಿದು ಗೋಡೆ ದಿನವೂ ಉಸಿರಾಡುತ್ತದೆ. ಬಿಗಿದ ನಟ್ಟಿನ ಕೆಳಗೆ ಮೆತ್ತಗಾದ ಪ್ಲಾಸ್ಟಿಕ್ ನಿಧಾನಕ್ಕೆ ಜರುಗುತ್ತದೆ. ಸೀಳಿದ ಅಂಚು ಇದ್ದರಂತೂ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ನಮ್ಮದರಲ್ಲಿ ಹೊರಟದ್ದು ಒಂದು ಬೆರಳುದ್ದದ ಬಿರುಕು, ತೂತಿನಿಂದ ಕೆಳಮುಖವಾಗಿ. ಹೊರಟ ಹೊತ್ತು ಕೂಡ ಹೇಗಿತ್ತೆಂದರೆ, ನಾವೆಲ್ಲ ಗುರುವಾರ ಸಂಜೆ ಸಿಂಧನೂರಿಗೆ ಮದುವೆಗೆ ಹೋಗಿದ್ದೆವು. ಮರಳಿದ್ದು ಭಾನುವಾರ.

ಈಗ ಗಮನಿಸಿ. ಸೆನ್ಸರ್ ಇಲ್ಲದಿದ್ದರೆ ಏನಾಗುತ್ತಿತ್ತು? ಒಂದು ಟ್ಯಾಂಕ್ ನೀರು ಸೋರಿ ಹೋಗುತ್ತಿತ್ತು, ಅಷ್ಟೇ. ನಮ್ಮ ಜಾಣ ಡಬ್ಬಿ ಹಾಗಾಗಗೊಡಲಿಲ್ಲ. ನೀರು ಸೋರಿ ಮಟ್ಟ ಇಳಿಯಿತು. ಮೋಟಾರ್ ಹೊತ್ತಿಸಿ ತುಂಬಿಸಿತು. ಮತ್ತೆ ಸೋರಿತು, ಮತ್ತೆ ತುಂಬಿಸಿತು. ಯಜಮಾನನಿಲ್ಲದ ಮನೆಯಲ್ಲಿ ನಿಷ್ಠೆಯ ಆಳಿನ ಹಾಗೆ ಸಂಪಿನ ನೀರನ್ನೆಲ್ಲ ಮೇಲೇರಿಸಿ ಮಾಳಿಗೆಗೆ ಉಣಿಸಿತು. ಊರಿಂದ ಬಂದ ಮೇಲೆ ಪಕ್ಕದ ಮನೆಯಿಂದ ನೀರು ತಂದು, ಟ್ಯಾಂಕನ್ನು ಅರ್ಧ ಮಾಡಿ, ಬಿರುಕಿನ ಕೆಳಗೆ ಬಕೆಟ್ ಹಿಡಿದೆ. ಹದಿನೈದು ಲೀಟರಿನ ಬಕೆಟ್ ಕಾಲು ಗಂಟೆಯಲ್ಲಿ ತುಂಬಿತು. ಗಂಟೆಗೆ ಅರವತ್ತು ಲೀಟರ್. ಸಂಪಿನಲ್ಲಿ ನಾವು ಬಿಟ್ಟು ಹೋಗಿದ್ದು ಸುಮಾರು ಮೂರು ಸಾವಿರ. ಶನಿವಾರ ರಾತ್ರಿಯ ಹೊತ್ತಿಗೆ ಅದು ಮುಗಿದಿರಬೇಕು.

ಸಂಪು ಬರಿದಾದ ಮೇಲಿನದು ಇನ್ನೂ ಕೆಟ್ಟದ್ದು. ಟ್ಯಾಂಕ್ ತುಂಬಿಲ್ಲವೆಂದು ಡಬ್ಬಿ ಮೋಟಾರನ್ನು ಓಡಿಸುತ್ತಲೇ ಇತ್ತು. ಕೆಳಗೆ ನೀರಿದೆಯೇ ಎಂದು ಕೇಳಲು ಸಂಪಿನಲ್ಲಿ ಸೆನ್ಸರ್ ಹಾಕಿರಲಿಲ್ಲ. ಒಣಗಿದ ಪಂಪಿನಲ್ಲಿ ಮೊದಲು ಸುಡುವುದು ಶಾಫ್ಟಿನ ಸೀಲ್. ತಂಪು ಮಾಡಿ ತೇವವಾಗಿಡಲು ಅದಕ್ಕೆ ನೀರೇ ಬೇಕು. ಆಮೇಲೆ ಬೇರಿಂಗ್, ಕೊನೆಗೆ ವೈಂಡಿಂಗ್, ಅಂದರೆ ಒಳಗಿನ ತಂತಿಯ ಸುತ್ತು. ಕರೆಂಟ್ ಹೆಚ್ಚಾದರೆ ಮೋಟಾರ್ ಆರಿಸುವ ಓವರ್‌ಲೋಡ್ ಗುಂಡಿ ಸ್ಟಾರ್ಟರಿನಲ್ಲಿ ಇತ್ತಲ್ಲ, ಅದೇಕೆ ಬೀಳಲಿಲ್ಲ ಎಂದು ನಾನೂ ಕೇಳಿದೆ. ವೈಂಡಿಂಗ್ ಮಾಡುವ ಅಣ್ಣ ಹೇಳಿದರು: "ಮಾಸ್ತರೇ, ನೀರು ಎತ್ತುವಾಗಲೇ ಮೋಟಾರಿಗೆ ಭಾರ. ಬರಿದೇ ತಿರುಗುವಾಗ ಅದು ಎಳೆಯುವ ಕರೆಂಟೇ ಕಡಿಮೆ. ಓವರ್‌ಲೋಡ್ ಯಾಕೆ ಬೀಳುತ್ತದೆ?" ಇಷ್ಟು ವರ್ಷ ಆ ಕೆಂಪು ಗುಂಡಿಯನ್ನು ನಂಬಿ ನಿದ್ದೆ ಮಾಡಿದ್ದೆ.

ಭಾನುವಾರ ಬಾಗಿಲು ತೆಗೆದಾಗ ಅಡುಗೆಮನೆಯ ತಾರಸಿಯಿಂದ ಗಾರೆ ಉದುರಿತ್ತು. ಜೋಳದ ಚೀಲದ ಬುಡ ಮುಗ್ಗಲು ಹಿಡಿದಿತ್ತು. ಟ್ಯಾಂಕ್ ಮಾರಿದವರು ಫೋಟೋ ನೋಡಿ, ಪೈಪ್ ಜೋಡಿಸಲು ಕೊಟ್ಟಿರುವ ಚಪ್ಪಟೆ ಜಾಗ ಬಿಟ್ಟು ಬೇರೆಡೆ ತೂತು ಹಾಕಿಸಿದ್ದೀರಿ, ಗ್ಯಾರಂಟಿ ನಡೆಯುವುದಿಲ್ಲ ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಟ್ಯಾಂಕ್, ಮೋಟಾರ್, ಗಾರೆ ಎಲ್ಲ ಸೇರಿ ಹತ್ತೊಂಬತ್ತು ಸಾವಿರ ಖರ್ಚಾಯಿತು. ಸೆನ್ಸರ್ ಕೂರಿಸಿದವನು ಕೂಲಿಯ ಅರ್ಧ ಹಣ ತಂದುಕೊಟ್ಟ; ಮರ್ಯಾದಸ್ಥನೇ, ಕೆಲಸ ಮಾತ್ರ ಗೊತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಾಗುತ್ತಿದ್ದೆ. ನಾನು ಬರೆಯಲು ಕುಳಿತದ್ದು ಮುಂದಿನದಕ್ಕೆ.

ಸೆನ್ಸರ್ ಕೂರಿಸಿದ ಎರಡನೆಯ ವಾರವೇ ಅವ್ವ ಹೇಳಿದ್ದಳು: "ಪಾತ್ರೆ ತೊಳೆಯುವಾಗ ನಳ ಮುಟ್ಟಿದರೆ ಕೈ ಜುಂ ಎನ್ನುತ್ತದಪ್ಪಾ." ನರದ ದೌರ್ಬಲ್ಯ ಇರಬಹುದು, ಬಿ-12 ಮಾತ್ರೆ ತರುತ್ತೇನೆ ಎಂದೆ. ತಂದೂ ಕೊಟ್ಟೆ. ಮೋಟಾರ್ ಸುಟ್ಟ ಮೇಲೆ ಬಂದ ಎಲೆಕ್ಟ್ರಿಷಿಯನ್ ಡಬ್ಬಿ ಬಿಚ್ಚಿ, ಸೆನ್ಸರಿಗೆ ಹೋಗುವ ತಂತಿಗೆ ಟೆಸ್ಟರ್ ಇಟ್ಟ. ದೀಪ ಹೊತ್ತಿತು. ಮನೆಯ ಲೈನಿನಿಂದ ಬೇರ್ಪಡಿಸಿ ವೋಲ್ಟ್ ತಗ್ಗಿಸುವ ಟ್ರಾನ್ಸ್‌ಫಾರ್ಮರೇ ಒಳಗೆ ಇರಲಿಲ್ಲ. ಅಗ್ಗಕ್ಕೆ ಮಾಡಲೆಂದು ಮನೆಯ ಕರೆಂಟನ್ನು ಕೆಪಾಸಿಟರ್ ಒಂದರಿಂದ ತಗ್ಗಿಸಿ ಬಳಸಿದ್ದರು. ಹಾಗೆ ತಗ್ಗಿಸಿದ ವಿದ್ಯುತ್ತಿಗೆ ಮನೆಯ ಲೈನಿನಿಂದ ಬಿಡುಗಡೆ ಇರುವುದಿಲ್ಲ. ಆ ತಂತಿ ನೇರವಾಗಿ ನಾವು ಕುಡಿಯುವ, ಸ್ನಾನ ಮಾಡುವ ನೀರಿನ ಟ್ಯಾಂಕಿಗೆ ಹೋಗಿತ್ತು. ಸೆನ್ಸರಿನ ಬುಡದಲ್ಲಿ ನೀರು ಜಿನುಗಿ ತಂತಿ ಒದ್ದೆಯಾದಾಗ ನೀರಿನ ಮೂಲಕ ಕಬ್ಬಿಣದ ನಳದವರೆಗೆ ಬಂದಿತ್ತು. ಅವ್ವ ಬರಿಗಾಲಿನಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು ಪಾತ್ರೆ ತೊಳೆಯುತ್ತಾಳೆ. ಜುಂ ಎಂದದ್ದು ಅಷ್ಟಕ್ಕೇ ನಿಂತಿತು. ಅದನ್ನು ನೆನೆದರೆ ಈಗಲೂ ನನಗೆ ಎದೆ ಹಿಡಿದಂತಾಗುತ್ತದೆ.

ನಿಮ್ಮ ಮನೆಯಲ್ಲಿ ಈಗಾಗಲೇ ಇಂಥ ಡಬ್ಬಿ ಇದ್ದರೆ, ತಿಳಿದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಒಂದೇ ಪ್ರಶ್ನೆ ಕೇಳಿ: ಟ್ಯಾಂಕಿಗೆ ಹೋಗುವ ತಂತಿಯಲ್ಲಿ ಎಷ್ಟು ವೋಲ್ಟ್ ಇದೆ, ಅದು ಮನೆಯ ಲೈನಿನಿಂದ ಬೇರ್ಪಟ್ಟಿದೆಯೇ? ಟ್ರಾನ್ಸ್‌ಫಾರ್ಮರ್ ದಾಟಿ ಬಂದ 12 ವೋಲ್ಟ್ ಆದರೆ ಸರಿ. ಅಲ್ಲವೆಂದರೆ ಅಂದೇ ತೆಗೆಸಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಭೂಮಿಗೆ ಅಷ್ಟು ಸೋರಿದರೂ ಅದು ಲೈನ್ ಕಡಿದುಬಿಡುತ್ತದೆ. ನಮ್ಮ ಮನೆಯಲ್ಲಿ ಫ್ಯೂಸ್ ಬಿಟ್ಟರೆ ಬೇರೇನೂ ಇರಲಿಲ್ಲ. ಫ್ಯೂಸ್ ಕಾಯುವುದು ವೈರನ್ನು, ಮನುಷ್ಯರನ್ನಲ್ಲ.

ಎರಡನೆಯ ಸಲ ತೂತಿನ ಸಹವಾಸವೇ ಬೇಡ ಎಂದು ಬೇರೆ ದಾರಿಗಳನ್ನು ನೋಡಿದೆ. ಇಂಜಿನಿಯರಿಂಗ್ ಓದುವ ಅಕ್ಕನ ಮಗ ಅಲ್ಟ್ರಾಸಾನಿಕ್ ಸೆನ್ಸರ್ ತಂದ. ಮುಚ್ಚಳದ ಕೆಳಗೆ ಕುಳಿತು, ಶಬ್ದ ಬಿಟ್ಟು, ಮರಳಿ ಬರುವ ಹೊತ್ತನ್ನು ಅಳೆಯುತ್ತದೆ. ತಂದದ್ದಕ್ಕೆ ಮೂತಿಯಿಂದ ಒಂದು ಗೇಣಿನೊಳಗೆ ನೀರು ಬಂದರೆ ಕಣ್ಣೇ ಕಾಣುವುದಿಲ್ಲ, ಅಂದರೆ ಟ್ಯಾಂಕ್ ತುಂಬುವ ಮುಖ್ಯ ಹೊತ್ತಿನಲ್ಲೇ ಕುರುಡು. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಶಾಖದ ಲೆಕ್ಕ ಹಿಡಿಯದ ಸೆನ್ಸರ್ ನಮ್ಮೂರಿನ ಮಧ್ಯಾಹ್ನ ಒಂದು, ಬೆಳಗಿನ ಜಾವ ಇನ್ನೊಂದು ಹೇಳುತ್ತದೆ. ಮೇಲಾಗಿ ಮುಚ್ಚಳದಡಿ ಹಬೆ ಹನಿಗಟ್ಟಿ ಮೂತಿಗೆ ಅಂಟಿತು. ಹೊರಗೋಡೆಗೆ ಅಂಟಿಸಿದರೆ ಒಳಗಿನ ನೀರನ್ನು ಗುರುತಿಸುವ ಕೆಪಾಸಿಟಿವ್ ಸೆನ್ಸರ್ ಕೇಳಲು ಚೆಂದ, ತೂತೇ ಬೇಡ. ಆದರೆ ನಮ್ಮ ಬೋರಿನ ನೀರು ಬೆರೆತಾಗ ಗೋಡೆಯೊಳಗೆ ಬಿಳಿ ಉಪ್ಪು ಕಟ್ಟುತ್ತದೆ. ಒದ್ದೆ ಉಪ್ಪಿನ ಪದರವನ್ನೇ ನೀರೆಂದು ತಿಳಿದು ಅದು ಖಾಲಿ ಟ್ಯಾಂಕನ್ನೂ ತುಂಬಿದೆ ಎಂದಿತು. ಸ್ಟೀಲ್ ಕಡ್ಡಿಗಳನ್ನು ಇಳಿಬಿಡುವ ಬಗೆಯನ್ನು ಪ್ರಯತ್ನಿಸಲಿಲ್ಲ. ಎದುರು ಮನೆಯವರ ಕಡ್ಡಿಗಳು ಡಿಸಿ ಕರೆಂಟಿಗೆ ಕಪ್ಪಾಗಿ ಸವೆದದ್ದನ್ನು ನೋಡಿದ್ದೆ.

ಕೊನೆಗೆ ಉಳಿದದ್ದು ಸೆನ್ಸರ್ ಕೂರಿಸಿದವನು ಮೊದಲು ಬೇಡವೆಂದಿದ್ದೇ: ಮುಚ್ಚಳದ ಪಕ್ಕದಲ್ಲಿ, ನೀರು ಎಂದೂ ಮುಟ್ಟದ ಎತ್ತರದಲ್ಲಿ, ಹೋಲ್ ಸಾ ಎಂಬ ದುಂಡು ಗರಗಸ ಹಾಕಿ ಕೊರೆದ ದುಂಡನೆಯ ತೂತು, ಅದಕ್ಕೆ ತಂತಿ ಬಿಗಿಹಿಡಿಯುವ ಒಂದು ಕೇಬಲ್ ಗ್ಲ್ಯಾಂಡ್, ಅದರಿಂದ ಭಾರ ಕಟ್ಟಿ ಇಳಿಬಿಟ್ಟ ತೇಲು ಚೆಂಡು. ವೈರ್ ಸಿಕ್ಕಾಗದಿರಲು ಟ್ಯಾಂಕಿನೊಳಗೆ ನೀರು ಬೀಳುವ ಪೈಪಿನಿಂದ ದೂರ ಕಟ್ಟಿದ್ದೇವೆ, ಅಷ್ಟೇ ಉಪಾಯ. ಸಂಪಿನಲ್ಲೂ ಒಂದು ಚೆಂಡು. ಅದು ನೆಲ ಕಂಡರೆ ಮೋಟಾರ್ ಹೊತ್ತುವುದೇ ಇಲ್ಲ. ಎರಡಕ್ಕೂ 12 ವೋಲ್ಟ್. ಮೇಲೊಂದು ಟೈಮರ್: ನಮ್ಮ ಟ್ಯಾಂಕ್ ತುಂಬಲು ಇಪ್ಪತ್ತೈದು ನಿಮಿಷ ಸಾಕು, ನಲವತ್ತು ದಾಟಿದರೆ ಮೋಟಾರ್ ಆರಿ, ಗಂಟೆ ಬಾರಿಸುತ್ತದೆ. ಆ ಗಂಟೆ ಇದುವರೆಗೆ ಎರಡು ಸಲ ಬಾರಿಸಿದೆ. ಒಮ್ಮೆ ಸಂಪಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಕಸ ಕಚ್ಚಿತ್ತು, ಇನ್ನೊಮ್ಮೆ ಬಚ್ಚಲ ನಳ ತೆರೆದೇ ಉಳಿದಿತ್ತು. ಊರಿಗೆ ಹೋಗುವಾಗ ಮಾತ್ರ ಡಬ್ಬಿ ಎಷ್ಟೇ ಜಾಣನಿರಲಿ, ಮೇನ್ ಆರಿಸಿಯೇ ಬೀಗ ಹಾಕುತ್ತೇನೆ.

ಹೊಸ ಟ್ಯಾಂಕಿನ ಹತ್ತಿರ ಅವ್ವ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಕಳೆದ ವಾರ ಕೇಬಲ್ ಟಿವಿ ಹುಡುಗ ತಂತಿ ಕಟ್ಟಲು ಮಾಳಿಗೆ ಹತ್ತಿದಾಗ, ಯಾವ ಮೆಟ್ಟಿಲುಗಳನ್ನು ತಪ್ಪಿಸಲೆಂದು ಇಷ್ಟೆಲ್ಲ ಮಾಡಿದೆನೋ ಅದೇ ಮೆಟ್ಟಿಲು ಹತ್ತಿ ಹೋಗಿ, ಅವನು ಇಳಿಯುವವರೆಗೆ ಅಲ್ಲೇ ಕುಳಿತಿದ್ದಳು.